ಹಳಿ ಕಿತ್ತರು, ಜಾಗ ಮಾರಲಿಲ್ಲ: ಒಟಾಗೊ ರೈಲುದಾರಿಯ ಎರಡನೇ ಜೀವನ

ಪೂಲ್‌ಬರ್ನ್ ಕಣಿವೆಯ ಸುರಂಗದ ಬಾಯಿಗೆ ಬಂದಾಗ ಸೈಕಲ್ ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಒಳಗೆ ಒಂದು ದೀಪವೂ ಇಲ್ಲ. ಬ್ಯಾಗಿನಿಂದ ಟಾರ್ಚ್ ತೆಗೆದು ನಾಲ್ಕು ಹೆಜ್ಜೆ ಇಟ್ಟರೆ ಹೊರಗಿನ ಬಿಸಿಲು ಹಿಂದೆ ಉಳಿಯುತ್ತದೆ. ಕಾಲ ಕೆಳಗೆ ಜಲ್ಲಿಯ ಸದ್ದು, ಮುಖಕ್ಕೆ ತಣ್ಣನೆ ಗಾಳಿ. ಇನ್ನೂರು ಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ, ಅಷ್ಟೇ. ಆದರೆ ಕತ್ತಲಲ್ಲಿ ಅದು ಎರಡರಷ್ಟು ಅನ್ನಿಸುತ್ತದೆ. ಹೊರಬಂದು ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಸುರಂಗ. ಅಲ್ಲೇ ಹತ್ತಿರದಲ್ಲಿ 37 ಮೀಟರ್ ಎತ್ತರದ ಸೇತುವೆ, ಕಲ್ಲಿನ ಕಂಬಗಳ ಮೇಲೆ ನಿಂತದ್ದು. ಸುತ್ತ ಒಣ ಗುಡ್ಡ, ಕೆಳಗೆ ಹೊಳೆ. ಮನೆ, ಅಂಗಡಿ, ಮೋಟಾರು ರಸ್ತೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಈ ಜಾಗದಲ್ಲಿ 1990ರವರೆಗೆ ರೈಲು ಓಡುತ್ತಿತ್ತು. ಈಗ ಸೈಕಲ್‌ನವರು, ನಡೆಯುವವರು, ಕುದುರೆ ಸವಾರರು ಓಡಾಡುತ್ತಾರೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ಲೈಡ್ ಊರಿನಿಂದ ಮಿಡಲ್‌ಮಾರ್ಚ್ ಊರಿನವರೆಗೆ 152 ಕಿಲೋಮೀಟರ್ ಉದ್ದದ ದಾರಿ ಇದು. ಹೆಸರು ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್.

ನಿಂತುಹೋದ ರೈಲುದಾರಿಯನ್ನು ಪ್ರವಾಸಿಗರ ದಾರಿ ಮಾಡಿದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಈ ದಾರಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸುರಂಗ, ಸೇತುವೆ, ಗುಡ್ಡದ ಚೆಲುವು ಇಷ್ಟನ್ನು ಹೇಳಿ ಮುಗಿಸುತ್ತಾರೆ. ಇದನ್ನು ಗೆಲ್ಲಿಸಿದ್ದು ಚೆಲುವಲ್ಲ ಅನ್ನುವುದು ನನ್ನ ನಂಬಿಕೆ. ಹಳಿ ಕಿತ್ತ ಮೇಲೆ ಆ ಉದ್ದನೆಯ ಪಟ್ಟಿ ಜಾಗವನ್ನು ತುಂಡು ಮಾಡಿ ಮಾರದೆ ಉಳಿಸಿಕೊಂಡರಲ್ಲ, ಅದು ಗೆಲ್ಲಿಸಿತು.

ರೈಲು ಬಂದದ್ದು, ಹೋದದ್ದು

ಒಟಾಗೊ ಸೆಂಟ್ರಲ್ ರೈಲುದಾರಿಯ ಕೆಲಸ ಶುರುವಾದದ್ದು 1879ರಲ್ಲಿ, ಡನೀಡಿನ್ ನಗರದ ಹತ್ತಿರದ ವಿಂಗಟೂಯಿಯಲ್ಲಿ. ಒಳನಾಡಿನಲ್ಲಿ ಚಿನ್ನದ ಭರಾಟೆ ಆಗಲೇ ಇಳಿದಿತ್ತು. ಇನ್ನು ಕುರಿ ಸಾಕಣೆ, ಬೇಸಾಯ, ಹಣ್ಣಿನ ತೋಟಗಳಿಂದಲೇ ಆ ಸೀಮೆ ಬದುಕಬೇಕಿತ್ತು. ಅದಕ್ಕೆ ರೈಲು ಬೇಕಿತ್ತು. ಆದರೆ ಕೆಲಸ ಆಮೆಯ ಹಾಗೆ ಸಾಗಿತು. ಮಿಡಲ್‌ಮಾರ್ಚ್ ತಲುಪಿದಾಗ 1891. ರಾನ್‌ಫರ್ಲಿಗೆ 1898, ಒಮಕೌಗೆ 1904, ಕ್ಲೈಡ್‌ಗೆ 1907. ಕೊನೆಯ ನಿಲ್ದಾಣ ಕ್ರಾಮ್‌ವೆಲ್‌ಗೆ ಬಂದದ್ದು 1921ರಲ್ಲಿ. 236 ಕಿಲೋಮೀಟರ್ ದಾರಿಗೆ 42 ವರ್ಷ! ಶುರುವಿನಲ್ಲಿ ಗುದ್ದಲಿ ಹಿಡಿದವರ ಮೊಮ್ಮಕ್ಕಳು ಕೊನೆಯ ನಿಲ್ದಾಣದಲ್ಲಿ ರೈಲು ಹತ್ತುವಷ್ಟು ಕಾಲ.

ಆ ಸೀಮೆಯ ಹವೆಯೂ ಹಾಗೇ ಕಠಿಣ. ಬೇಸಿಗೆಯಲ್ಲಿ ಬಿಸಿಲು ಸುಡುತ್ತದೆ, ಮಳೆ ತೀರಾ ಕಡಿಮೆ. ಚಳಿಗಾಲದಲ್ಲಿ ಒಮಕೌ ಪಕ್ಕದ ಓಫಿರ್ ಎಂಬ ಪುಟ್ಟ ಊರಿನಲ್ಲಿ 1995ರ ಜುಲೈನಲ್ಲಿ ಮೈನಸ್ 21.6 ಡಿಗ್ರಿ ದಾಖಲಾಗಿದೆ.

ರೈಲು ಬಂದ ಮೇಲೆ ಕುರಿ, ಉಣ್ಣೆ, ಏಪ್ರಿಕಾಟ್ ಹಣ್ಣು ಡನೀಡಿನ್‌ಗೆ ಇಳಿದವು. ಊರುಗಳು ನಿಲ್ದಾಣದ ಸುತ್ತ ಬೆಳೆದವು. ದುಃಖದ ದಿನವೂ ಒಂದಿದೆ. 1943ರ ಜೂನ್ 4ರಂದು ಕ್ರಾಮ್‌ವೆಲ್‌ನಿಂದ ಹೊರಟ ರೈಲು ಹೈಡ್ ಊರಿನ ಹತ್ತಿರ ತಿರುವಿನಲ್ಲಿ ಹಳಿ ತಪ್ಪಿತು. 21 ಜನ ಸತ್ತರು, 47 ಜನರಿಗೆ ಗಾಯ. ಆ ಜಾಗದ ಹತ್ತಿರ ಕಲ್ಲಿನ ಸ್ಮಾರಕವಿದೆ. ಸೈಕಲ್‌ನಲ್ಲಿ ಬಂದವರು ಅಲ್ಲಿ ಇಳಿದು ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.

ಮುಂದಿನದು ನಮಗೂ ಗೊತ್ತಿರುವ ಕಥೆಯೇ. ರಸ್ತೆ ಸುಧಾರಿಸಿತು, ಕಾರು ಬಂತು. 1976ರಲ್ಲಿ ಪ್ರಯಾಣಿಕರ ರೈಲು ನಿಂತಿತು. ದೂರದ ಸರಕನ್ನು ಲಾರಿಗಳು ಒಯ್ಯಬಾರದು, ರೈಲಿಗೇ ಬಿಡಬೇಕು ಎಂಬ ಹಳೆಯ ಕಟ್ಟುಪಾಡು ಆ ದೇಶದಲ್ಲಿತ್ತು. 1980ರ ದಶಕದಲ್ಲಿ ಅದನ್ನು ತೆಗೆದರು. ಸರಕೂ ಲಾರಿ ಹತ್ತಿತು. ಅಷ್ಟು ಹೊತ್ತಿಗೆ ಕ್ಲೈಡ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟುವುದು ತೀರ್ಮಾನವಾಗಿತ್ತು. ಕ್ಲೈಡ್‌ನಿಂದ ಕ್ರಾಮ್‌ವೆಲ್‌ವರೆಗಿನ ಕಣಿವೆ ಮುಳುಗಲಿದ್ದುದರಿಂದ ಆ ತುಂಡನ್ನು 1980ರಲ್ಲೇ ಮುಚ್ಚಿದರು. ಉಳಿದ ದಾರಿ ಅಣೆಕಟ್ಟಿನ ಸಾಮಾನು ಸಾಗಿಸುತ್ತಾ ಇನ್ನೊಂದು ಹತ್ತು ವರ್ಷ ಜೀವ ಹಿಡಿದುಕೊಂಡಿತು. ಆ ಕೆಲಸ ಮುಗಿಯಿತು, 1990ರ ಏಪ್ರಿಲ್ ಕೊನೆಗೆ ರೈಲೂ ನಿಂತಿತು.

ಆ ಮೂರು ವರ್ಷ

ಇಡೀ ಪ್ರಕರಣದ ಜೀವ ಇರುವುದು 1990ರಿಂದ 1993ರ ನಡುವಿನ ಕಾಲದಲ್ಲಿ.

ವಿಂಗಟೂಯಿಯಿಂದ ಮಿಡಲ್‌ಮಾರ್ಚ್‌ವರೆಗಿನ ದಾರಿ ಟೈಯೆರಿ ಎಂಬ ಆಳವಾದ ಕಣಿವೆಯಲ್ಲಿ ಹೋಗುತ್ತದೆ. ಅಲ್ಲಿ ಪ್ರವಾಸಿ ರೈಲು ಓಡಿಸಬಹುದೆಂದು ಡನೀಡಿನ್ ನಗರಸಭೆ ಆ ತುಂಡನ್ನು ಹಳಿ ಸಮೇತ ಉಳಿಸಿಕೊಂಡಿತು. ಮಿಡಲ್‌ಮಾರ್ಚ್‌ನಿಂದ ಆಚೆ ಕ್ಲೈಡ್‌ವರೆಗೆ ಮಾತ್ರ ಹಳಿ, ಸ್ಲೀಪರ್ ಎಲ್ಲವನ್ನೂ ಕಿತ್ತು ಸಾಗಿಸಿದರು. ಉಳಿದದ್ದು ಬೋಳು ಜಲ್ಲಿಯ ಗೆರೆ, ಸೇತುವೆಗಳು, ಮೂರು ಸುರಂಗ, ನೂರಾರು ಮೋರಿಗಳು.

ಆಗ ನ್ಯೂಜಿಲೆಂಡ್ ಸರ್ಕಾರ ತನ್ನ ಆಸ್ತಿಗಳನ್ನು ಒಂದೊಂದಾಗಿ ಮಾರುತ್ತಿದ್ದ ಕಾಲ. ರೈಲ್ವೆ ಕಂಪನಿಯನ್ನೇ 1993ರಲ್ಲಿ ಖಾಸಗಿಯವರಿಗೆ ಮಾರಿತು. ಈ ಜಲ್ಲಿಯ ಪಟ್ಟಿಯನ್ನೂ ಅಕ್ಕಪಕ್ಕದ ಜಮೀನಿನವರಿಗೆ ಹಂಚಿ ಮಾರುವುದು ಎಲ್ಲಕ್ಕಿಂತ ಸುಲಭದ ದಾರಿಯಾಗಿತ್ತು. ಹಾಗೆ ಮಾಡಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಆದರೆ ಅದೇ 1993ರಲ್ಲಿ ಈ ಪಟ್ಟಿ ಇಡಿಯಾಗಿ ದೇಶದ ಸಂರಕ್ಷಣಾ ಇಲಾಖೆಗೆ ಸೇರಿತು. ಅರಣ್ಯ, ವನ್ಯಜೀವಿ, ರಾಷ್ಟ್ರೀಯ ಉದ್ಯಾನ ನೋಡಿಕೊಳ್ಳುವ ಇಲಾಖೆ ಅದು.

ಇದು ಎಷ್ಟು ದೊಡ್ಡ ಮಾತು ಅನ್ನುವುದು ನಮ್ಮ ಹಳ್ಳಿ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಬಂಡಿದಾರಿಗಳು ಏನಾದವು ಅಂತ ನೋಡಿದ್ದೇವಲ್ಲ. ಸರ್ವೆ ನಕಾಶೆಯಲ್ಲಿ ದಾರಿ ಇರುತ್ತದೆ, ನೆಲದ ಮೇಲೆ ರಾಗಿ ಇರುತ್ತದೆ. ಒಬ್ಬರು ಒಂದು ಗೇಣು ಉತ್ತುಕೊಂಡರೆ ಮುಂದಿನವರು ಒಂದು ಮಾರು. ದಾರಿ ಅಂದರೆ ಕೆರೆಯ ಹಾಗಲ್ಲ. ಕೆರೆಯಲ್ಲಿ ಕಾಲುಭಾಗ ಹೋದರೆ ಮುಕ್ಕಾಲು ಉಳಿಯುತ್ತದೆ. ನೂರೈವತ್ತು ಕಿಲೋಮೀಟರ್ ದಾರಿಯಲ್ಲಿ ನಡುವೆ ಇನ್ನೂರು ಮೀಟರ್ ಹೋದರೆ ದಾರಿಯೇ ಹೋದಂತೆ. ಆಮೇಲೆ ಅದನ್ನು ವಾಪಸ್ ಕೊಂಡುಕೊಳ್ಳಲು ಹೊರಟರೆ ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಬೇಕು. ಎಲ್ಲರೂ ಒಪ್ಪಬೇಕು.

ರೈತರ ಭಯ

ಜಾಗ ಉಳಿಯಿತು. ಜನರ ಮನಸ್ಸು ಮಾತ್ರ ಇನ್ನೂ ಬಂದಿರಲಿಲ್ಲ. ಅಕ್ಕಪಕ್ಕದ ಕುರಿ ಸಾಕುವವರಲ್ಲಿ ಬಹಳ ಜನ ಇದನ್ನು ವಿರೋಧಿಸಿದರು. ಅವರ ಭಯ ಸುಳ್ಳಾಗಿರಲಿಲ್ಲ. ಈ ದಾರಿ ಅವರ ಹುಲ್ಲುಗಾವಲುಗಳ ನಡುವೆ ಹಾದುಹೋಗುತ್ತದೆ. ರೈಲು ದಿನಕ್ಕೆ ಹೇಳಿದ ಹೊತ್ತಿಗೆ ಬಂದು ಹೋಗುತ್ತಿತ್ತು. ಈ ಸೈಕಲ್‌ನವರು ಯಾವಾಗ ಬರುತ್ತಾರೋ ಯಾರಿಗೆ ಗೊತ್ತು? ಗೇಟು ತೆರೆದಿಟ್ಟು ಹೋದರೆ ಎರಡು ಮಂದೆ ಕುರಿ ಬೆರೆತುಹೋಗುತ್ತವೆ. ಒಣ ಹುಲ್ಲಿಗೆ ಒಂದು ಸಿಗರೇಟು ತುಂಡು ಬಿದ್ದರೂ ಸಾಕು. ಮನೆ ಅಂಗಳದ ಪಕ್ಕದಲ್ಲೇ ಗುರುತಿಲ್ಲದವರು ಓಡಾಡುವುದು ಯಾರಿಗೆ ತಾನೇ ಹಿತ?

ಇವರನ್ನು ‘ಅಭಿವೃದ್ಧಿ ವಿರೋಧಿಗಳು’ ಎಂದು ಬದಿಗೆ ತಳ್ಳಿದ್ದರೆ ಕೆಲಸ ಕೆಡುತ್ತಿತ್ತು. ಗೇಟು, ಬೇಲಿ, ಸೂಚನಾ ಫಲಕಗಳಂಥ ಸಣ್ಣ ಸಣ್ಣ ವ್ಯವಸ್ಥೆಗಳೇ ಇಲ್ಲಿ ದೊಡ್ಡ ಕೆಲಸ ಮಾಡಿದವು. ಗೇಟನ್ನು ಹೇಗಿತ್ತೋ ಹಾಗೇ ಬಿಟ್ಟು ಹೋಗಿ ಎಂಬ ಮಾತು ಆ ಸೀಮೆಯಲ್ಲಿ ಶಾಸನದ ಹಾಗೆ. ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ಮುಚ್ಚಿ. ಮೋಟಾರು ವಾಹನ ಬಿಡುವುದಿಲ್ಲ, ದಾರಿಯ ಮೇಲೆ ಡೇರೆ ಹಾಕುವ ಹಾಗಿಲ್ಲ.

1994ರಲ್ಲಿ ಸ್ಥಳೀಯರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡರು. ದುಡ್ಡು ಸೇರಿಸುವುದು ಟ್ರಸ್ಟ್‌ನ ಹೊಣೆ, ದಾರಿ ಮಾಡಿ ನೋಡಿಕೊಳ್ಳುವುದು ಇಲಾಖೆಯ ಹೊಣೆ. ಎಲ್ಲವನ್ನೂ ಒಂದೇ ಸಲ ತೆರೆಯಲಿಲ್ಲ. ದುಡ್ಡು ಬಂದಂತೆ ಒಂದೊಂದು ತುಂಡು ಮುಗಿಸುತ್ತಾ ಹೋದರು. ಪೂರ್ತಿ ದಾರಿ ತೆರೆದದ್ದು 2000ದ ಫೆಬ್ರವರಿಯಲ್ಲಿ. ನಿಧಾನವಾಯಿತು ಅನ್ನಬಹುದು. ನನಗೆ ಆ ನಿಧಾನವೇ ಒಳ್ಳೆಯದಾಯಿತು ಅನ್ನಿಸುತ್ತದೆ. ಮೊದಲು ತೆರೆದ ತುಂಡಿನಲ್ಲಿ ಕುರಿ ಕಳೆಯಲಿಲ್ಲ, ಬೆಂಕಿ ಬೀಳಲಿಲ್ಲ ಅಂತ ಕಣ್ಣಾರೆ ಕಂಡ ಮೇಲೆ ಮುಂದಿನ ತುಂಡಿನವರಿಗೆ ಧೈರ್ಯ ಬರುತ್ತದೆ, ಅಲ್ವಾ?

ಜಲ್ಲಿ, ಹಲಗೆ, ಶೌಚಾಲಯ

ಹಳಿ ಕಿತ್ತರೆ ದಾರಿ ತಾನಾಗಿಯೇ ಸಿದ್ಧ ಅಂದುಕೊಳ್ಳುವವರಿದ್ದಾರೆ. ಹಾಗಿಲ್ಲ. ಹಳಿಯ ಕೆಳಗಿನ ಜಲ್ಲಿ ಮುಷ್ಟಿಗಾತ್ರದ್ದು. ಸೈಕಲ್ ಚಕ್ರ ಅದರ ಮೇಲೆ ನಿಲ್ಲುವುದಿಲ್ಲ, ನಡೆದರೆ ಕಾಲು ಹೊರಳುತ್ತದೆ. ಅದರ ಮೇಲೆ ಸಣ್ಣ ಜಲ್ಲಿ ಹರಡಿ ಗಟ್ಟಿ ಮಾಡಬೇಕು. ಅದು ಮಳೆಗೆ, ಚಕ್ರಕ್ಕೆ ಸವೆಯುತ್ತಲೇ ಇರುತ್ತದೆ, ಮತ್ತೆ ಹಾಕುತ್ತಲೇ ಇರಬೇಕು. ರೈಲು ಸೇತುವೆಯಲ್ಲಿ ಸ್ಲೀಪರ್‌ಗಳ ನಡುವೆ ಬರೀ ಆಕಾಶ. ಈ ದಾರಿಯಲ್ಲಿ ಸೇತುವೆಗಳು ಅರವತ್ತಕ್ಕೂ ಜಾಸ್ತಿ ಇವೆ. ಅವುಗಳಿಗೆ ಹಲಗೆ ಹಾಸಿ, ಎರಡೂ ಕಡೆ ಕೈಕಂಬಿ ಕೂರಿಸಿದರು. ಮೋರಿ ಕಟ್ಟಿಕೊಂಡರೆ ಒಂದೇ ಮಳೆಗೆ ಏರಿ ಕೊಚ್ಚಿಹೋಗುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಮಧ್ಯೆ ಮಧ್ಯೆ ಶೌಚಾಲಯ ಬೇಕು. ಫೋಟೋದಲ್ಲಿ ಇದು ಯಾವುದೂ ಕಾಣುವುದಿಲ್ಲ. ಅಲ್ಲಿಗೆ ಹೋಗುವವರು ಇವನ್ನೇ ಮೊದಲು ಕೇಳುತ್ತಾರೆ.

ಒಂದು ಅನುಕೂಲವನ್ನು ಮಾತ್ರ ರೈಲಿನವರು ಪುಕ್ಕಟೆಯಾಗಿ ಬಿಟ್ಟುಹೋಗಿದ್ದರು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಕಡಿದಾದ ಏರು ಹತ್ತಲಾರದು, ಜಾರುತ್ತದೆ. ಅದಕ್ಕೇ ಇಲ್ಲಿ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿಗಿಂತ ಜಾಸ್ತಿ ಏರದ ಹಾಗೆ ದಾರಿ ಕಡಿದಿದ್ದಾರೆ. ಚಾಟೊ ಕ್ರೀಕ್‌ನಿಂದ ಒಮಕೌ ಕಡೆಗೆ ಟೈಗರ್ ಹಿಲ್ ಎಂಬ ಗುಡ್ಡವಿದೆ. ರೈಲುದಾರಿ ಅದನ್ನು ನೇರ ಹತ್ತುವುದಿಲ್ಲ, ಅಗಲವಾದ ತಿರುವುಗಳಲ್ಲಿ ಸುತ್ತಿ ಬಳಸಿ ಮೇಲೇರುತ್ತದೆ. ಒಟುರೆಹುವಾ ಮತ್ತು ವೆಡ್ಡರ್‌ಬರ್ನ್ ನಡುವೆ ದಾರಿ 618 ಮೀಟರ್ ಎತ್ತರ ಮುಟ್ಟುತ್ತದೆ. ಹತ್ತಿದ್ದೇ ಗೊತ್ತಾಗುವುದಿಲ್ಲ. ಅರವತ್ತು ದಾಟಿದವರು ಇಲ್ಲಿ ಧೈರ್ಯವಾಗಿ ಸೈಕಲ್ ತುಳಿಯುವುದಕ್ಕೆ ಆ ಕಾಲದ ಎಂಜಿನಿಯರುಗಳ ಈ ಲೆಕ್ಕಾಚಾರವೇ ಕಾರಣ. ಈಗ ಬ್ಯಾಟರಿ ಸೈಕಲ್ ಬಂದಮೇಲೆ ಅಂಥವರು ಇನ್ನೂ ಹೆಚ್ಚಿದ್ದಾರೆ.

ಮಲಗಲು ಜಾಗ, ಕುಡಿಯಲು ಚಹಾ

ದಾರಿ ಪುಕ್ಕಟೆ. ಟಿಕೆಟ್ ಇಲ್ಲ, ಪ್ರವೇಶ ಶುಲ್ಕ ಇಲ್ಲ. ಹಾಗಾದರೆ ಊರಿಗೆ ದುಡ್ಡು ಹೇಗೆ ಬಂತು? ಸೈಕಲ್‌ನ ನಿಧಾನದಿಂದ.

ಕಾರಿನಲ್ಲಿ 150 ಕಿಲೋಮೀಟರ್ ಎರಡು ಗಂಟೆಯ ಕೆಲಸ. ನಡುವಿನ ಊರುಗಳ ಹೆಸರೂ ನೆನಪಿರುವುದಿಲ್ಲ. ಸೈಕಲ್‌ನಲ್ಲಿ ಅದೇ ದೂರಕ್ಕೆ ಮೂರು, ನಾಲ್ಕು, ಐದು ದಿನ. ಪ್ರತಿ ರಾತ್ರಿ ಮಲಗಲು ಒಂದು ಹಾಸಿಗೆ ಬೇಕು, ಬೆಳಿಗ್ಗೆ ತಿಂಡಿ ಬೇಕು, ಹತ್ತು ಹದಿನೈದು ಕಿಲೋಮೀಟರಿಗೊಮ್ಮೆ ಚಹಾ ಬೇಕು. ರೈಲಿನ ನಿಲ್ದಾಣಗಳೂ ಹೆಚ್ಚುಕಡಿಮೆ ಅಷ್ಟಷ್ಟು ದೂರಕ್ಕೇ ಇದ್ದವು. ಹಾಗಾಗಿ ಸೊರಗುತ್ತಿದ್ದ ನಿಲ್ದಾಣದ ಊರುಗಳಿಗೇ ಮತ್ತೆ ಜನ ಇಳಿಯತೊಡಗಿದರು. ಉಣ್ಣೆ ಕತ್ತರಿಸುವ ಕೆಲಸಗಾರರು ಉಳಿಯುತ್ತಿದ್ದ ಕೊಠಡಿಗಳಿಗೆ ಸುಣ್ಣಬಣ್ಣ ಬಳಿದು ಅತಿಥಿಗಳಿಗೆ ಕೊಟ್ಟರು. ಲಾಡರ್‌ನಲ್ಲಿ ಮುಚ್ಚಿದ ಶಾಲೆಯೇ ತಂಗುಮನೆಯಾಯಿತು. ರಾನ್‌ಫರ್ಲಿ ನಿಲ್ದಾಣದಲ್ಲಿ ಪ್ರವಾಸಿಗರ ಮಾಹಿತಿ ಕೇಂದ್ರ ಬಂತು. ಸೈಕಲ್ ಬಾಡಿಗೆ ಅಂಗಡಿಗಳು ಹುಟ್ಟಿಕೊಂಡವು. ಪ್ರವಾಸಿಗರ ಚೀಲಗಳನ್ನು ಒಂದು ಊರಿನಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಮುಟ್ಟಿಸುವುದೇ ಕೆಲವರ ಕಸುಬಾಯಿತು. ಪೂರ್ತಿ ದಾರಿ ಮುಗಿಸುವವರೇ ವರ್ಷಕ್ಕೆ ಹತ್ತು ಸಾವಿರ ದಾಟಿದರು. ಬೆರಳೆಣಿಕೆಯ ಮನೆಗಳ ಊರುಗಳಿಗೆ ಅದು ಬಹಳ ದೊಡ್ಡ ಸಂಖ್ಯೆ.

ಮೊದಲು ವಿರೋಧಿಸಿದ ರೈತ ಮನೆಗಳಲ್ಲೂ ಕೆಲವು ಹೀಗೆ ಅತಿಥಿಗಳಿಗೆ ಬಾಗಿಲು ತೆರೆದವು. ಇದು ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಭಾಗ. ದುಡ್ಡು ದೊಡ್ಡ ಹೋಟೆಲ್ ಒಂದಕ್ಕೆ ಹೋಗಲಿಲ್ಲ. ಚಿಕ್ಕ ಚಿಕ್ಕ ತುಂಡಾಗಿ ಹಲವು ಮನೆಗಳಿಗೆ ಹಂಚಿಕೊಂಡು ಹೋಯಿತು. ಬಾಳಿಕೆ ಬರುವ ಪ್ರವಾಸ ಅಂದರೆ ಹೀಗಿರಬೇಕು.

ದಾರಿಯ ಬದಿಯಲ್ಲಿ ಹಳೆಯ ಗ್ಯಾಂಗ್‌ಮನ್ ಶೆಡ್ಡುಗಳ ಮಾದರಿಯಲ್ಲಿ ಚಿಕ್ಕ ತಂಗುದಾಣ ಕಟ್ಟಿದ್ದಾರೆ. ಗಾಳಿ ಬೀಸಿದರೆ ಒಳಗೆ ಕೂರಬಹುದು, ಗೋಡೆಯ ಮೇಲೆ ಆ ಜಾಗದ ಕಥೆ ಓದಬಹುದು. ‘ಪಾಸ್‌ಪೋರ್ಟ್’ ಎಂಬ ಪುಟ್ಟ ಪುಸ್ತಕ ಸಿಗುತ್ತದೆ. ನಿಲ್ದಾಣ ನಿಲ್ದಾಣಕ್ಕೂ ಒಂದು ಮುದ್ರೆ ಇರುತ್ತದೆ, ನೀವೇ ಒತ್ತಿಕೊಳ್ಳಬೇಕು. ದೊಡ್ಡವರೂ ಮಕ್ಕಳ ಹಾಗೆ ಮುದ್ರೆ ಬಿಟ್ಟುಹೋಯಿತೆಂದು ವಾಪಸ್ ತುಳಿದುಕೊಂಡು ಬರುವಷ್ಟು ಅದರ ಸೆಳೆತ.

ವೆಡ್ಡರ್‌ಬರ್ನ್‌ನ ಹಸಿರು ಗೂಡ್ಸ್ ಶೆಡ್ಡಿನ ವಿಷಯ ಹೇಳಲೇಬೇಕು. ಚಿತ್ರಕಾರ ಗ್ರಹಾಂ ಸಿಡ್ನಿ ಅದನ್ನು ಬಿಡಿಸಿದ ಮೇಲೆ ಅದು ದೇಶಕ್ಕೆಲ್ಲ ಪರಿಚಯವಾಗಿತ್ತು. ರೈಲು ನಿಂತ ಮೇಲೆ ಶೆಡ್ಡನ್ನು ಬೇರೆ ಕಡೆಗೆ ಸಾಗಿಸಿಬಿಟ್ಟಿದ್ದರು. ಊರಿನವರು ಸುಮ್ನೆ ಕೂರಲಿಲ್ಲ. ಅದನ್ನು ವಾಪಸ್ ತಂದು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದರು. ತಗಡಿನ ಒಂದು ಶೆಡ್ಡು, ಅಷ್ಟೇ. ಆದರೆ ಅದು ‘ನಮ್ಮ ಶೆಡ್ಡು’.

ಒಟುರೆಹುವಾದಲ್ಲಿ ಹೇಯ್ಸ್ ಕುಟುಂಬದ ಹಳೆಯ ಕಾರ್ಖಾನೆ ಇದೆ. ಬೇಲಿ ತಂತಿ ಬಿಗಿಯುವ ಸಾಧನ ಮಾಡುತ್ತಿದ್ದ ಜಾಗ, ಈಗ ಸಂರಕ್ಷಿತ ಕಟ್ಟಡ. ಗಂಡ ಅರ್ನೆಸ್ಟ್ ಹೇಯ್ಸ್ ರೈತರಿಗೆ ಬೇಕಾದ ಸಾಧನಗಳನ್ನು ತಯಾರಿಸುತ್ತಿದ್ದ, ಹೆಂಡತಿ ಹ್ಯಾನಾ ಹೇಯ್ಸ್ ಸೈಕಲ್ ಹತ್ತಿ ಮಾನಿಯಟೋಟೊ ಬಯಲಿನ ಹೊಲಮನೆಗಳಿಗೆ ಹೋಗಿ ಅವನ್ನು ಮಾರುತ್ತಿದ್ದಳು.  ಆಗ ಸರಿಯಾದ ರಸ್ತೆ ಇರಲಿಲ್ಲ. ಉದ್ದ ಲಂಗ ಉಟ್ಟ ಹೆಂಗಸು ಆ ಗಾಳಿಯಲ್ಲಿ, ಆ ಕಲ್ಲುದಾರಿಯಲ್ಲಿ ತುಳಿಯುತ್ತಿದ್ದುದನ್ನು ನೆನೆದರೆ, ಈ ಸೀಮೆಗೆ ಸೈಕಲ್ ಹೊಸದಾಗಿ ಬಂದದ್ದಲ್ಲ ಅನ್ನಿಸುತ್ತದೆ.

ನಮ್ಮ ಸಕಲೇಶಪುರದ ನೆನಪು

ಇದನ್ನು ಓದುವಾಗ ಬಹಳ ಜನರಿಗೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೆನಪಾಗಬಹುದು. 1996ರಲ್ಲಿ ಮೀಟರ್‌ಗೇಜ್ ರೈಲು ನಿಂತಾಗ ಚಾರಣದವರು ಹಳಿ ಹಿಡಿದು ಎಡಕುಮೇರಿ ಕಡೆಗೆ ನಡೆದು ಹೋಗುತ್ತಿದ್ದರು. ‘ಗ್ರೀನ್ ರೂಟ್’ ಅನ್ನುವ ಹೆಸರೂ ಬಿತ್ತು. ಆದರೆ ಅದು ಕೈಬಿಟ್ಟ ದಾರಿಯಾಗಿರಲಿಲ್ಲ, ಬ್ರಾಡ್‌ಗೇಜ್ ಮಾಡಲು ನಿಲ್ಲಿಸಿದ್ದ ದಾರಿ. 2006ರಲ್ಲಿ ಸರಕಿನ ರೈಲು, 2007ರ ಕೊನೆಗೆ ಪ್ರಯಾಣಿಕರ ರೈಲು ಮತ್ತೆ ಬಂದವು. ಈಗ ಅಲ್ಲಿ ಹಳಿ ಮೇಲೆ ನಡೆಯುವುದು ಅಪರಾಧ, ಪ್ರಾಣಕ್ಕೂ ಅಪಾಯ. ರೈಲು ಮತ್ತೆ ಓಡುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಟ್ರೇಲ್ ಅನ್ನುವುದು ಆ ದಾರಿ ಮುಚ್ಚಿದ ಮೇಲಿನ ಮಾತು.

ಕಷ್ಟಗಳೂ ಇವೆ

ಒಟಾಗೊದಲ್ಲಿ ಎಲ್ಲವೂ ಸಲೀಸಾಗಿಲ್ಲ. ವ್ಯಾಪಾರ ಬೇಸಿಗೆಗೆ, ಎಲೆ ಬಣ್ಣ ತಿರುಗುವ ಮಾರ್ಚ್–ಏಪ್ರಿಲ್‌ಗೆ ಕಟ್ಟುಬಿದ್ದಿದೆ. ಚಳಿಗಾಲದಲ್ಲಿ ತಂಗುಮನೆಗಳು ಖಾಲಿ. 2020ರಲ್ಲಿ ಕೊರೊನಾ ಬಂದಾಗ ಟೈಯೆರಿ ಕಣಿವೆಯ ಪ್ರವಾಸಿ ರೈಲು ನಿಂತುಹೋಯಿತು. ಅದರಲ್ಲಿ ಬಂದು ಸೈಕಲ್ ಹತ್ತುತ್ತಿದ್ದವರಿಗೆ, ಸೈಕಲ್ ಮುಗಿಸಿ ರೈಲಿನಲ್ಲಿ ಡನೀಡಿನ್‌ಗೆ ಮರಳುತ್ತಿದ್ದವರಿಗೆ ಮಿಡಲ್‌ಮಾರ್ಚ್ ಕಡೆಯ ಕೊಂಡಿ ಕಳಚಿತು. ದೂರದ ದೇಶದಿಂದ ವಿಮಾನದಲ್ಲಿ ಬಂದು ನಾಲ್ಕು ದಿನ ಸೈಕಲ್ ತುಳಿದರೆ ಅದನ್ನು ಪರಿಸರಕ್ಕೆ ಹಗುರ ಅನ್ನಬಹುದೇ ಎಂಬ ಪ್ರಶ್ನೆಯೂ ಇದೆ. ಆ ಪ್ರಶ್ನೆ ನ್ಯಾಯವಾದದ್ದೇ. ಈ ದಾರಿಯನ್ನು ಮೊದಲಿನಿಂದ ಕೈಹಿಡಿದವರು ನ್ಯೂಜಿಲೆಂಡಿನವರೇ ಅನ್ನುವುದನ್ನು ಮಾತ್ರ ಇದರ ಜೊತೆಗೆ ನೆನಪಿಡಬೇಕು.

ಇನ್ನೊಂದು ಕಷ್ಟ ಗೆಲುವಿನಿಂದಲೇ ಬಂದದ್ದು. 2009ರಲ್ಲಿ ಸರ್ಕಾರ 5 ಕೋಟಿ ಡಾಲರ್ ತೆಗೆದಿಟ್ಟು ದೇಶದ ತುಂಬಾ ಸೈಕಲ್ ದಾರಿಗಳ ಯೋಜನೆ ಶುರುಮಾಡಿತು. ಅದಕ್ಕೆ ಮೇಲ್ಪಂಕ್ತಿ ಒಟಾಗೊ ದಾರಿಯೇ. ಈಗ ಅಂಥ ದೊಡ್ಡ ದಾರಿಗಳು ಇಪ್ಪತ್ತಕ್ಕೂ ಜಾಸ್ತಿ ಆಗಿವೆ, ಬರುವವರು ಹಂಚಿಹೋಗುತ್ತಾರೆ.

ಮುಳುಗಿದ ತುಂಡು

ಕ್ಲೈಡ್‌ನಲ್ಲಿ ರೈಲ್ ಟ್ರೇಲ್ ನಿಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಗುಡ್ಡಗಳ ಮೇಲೆ ಕಾಡು ಥೈಮ್ ನೇರಳೆ ಹೂ ಬಿಡುತ್ತದೆ. ಚಿನ್ನ ಹುಡುಕಿಕೊಂಡು ಬಂದವರ ಜೊತೆ ಬಂದ ಗಿಡ ಅದು ಅನ್ನುತ್ತಾರೆ. ಬಿಸಿಲೇರಿದಂತೆ ಅದರ ಘಮ ದಾರಿಯವರೆಗೂ ಬರುತ್ತದೆ. ಅಲ್ಲಿಂದ ಮುಂದೆ ಅಣೆಕಟ್ಟು, ಅದರ ಹಿಂದೆ ಡನ್‌ಸ್ಟನ್ ಸರೋವರ. ಕ್ರಾಮ್‌ವೆಲ್‌ವರೆಗಿನ ಹಳೆಯ ರೈಲುದಾರಿ ಆ ನೀರಿನಡಿಯಲ್ಲಿದೆ.

ಕೈಬಿಟ್ಟುಹೋದ ಆ ಒಂದು ತುಂಡನ್ನು ಮತ್ತೆ ಜೋಡಿಸಲು ಏನು ಮಾಡಬೇಕಾಯಿತು ನೋಡಿ. ಕಣಿವೆಯ ಬಂಡೆಗೆ ಕಬ್ಬಿಣದ ಬೋಲ್ಟು ಹೊಡೆದು, ನೀರಿನ ಮೇಲೆ ಚಾಚಿಕೊಂಡ ಹಲಗೆದಾರಿ ಕೂರಿಸಿದರು. ಒಂದು ಕಡೆ ತೂಗುಸೇತುವೆ ಕಟ್ಟಿದರು. ಸುಮಾರು 55 ಕಿಲೋಮೀಟರಿನ ಆ ಹೊಸ ಸೈಕಲ್ ದಾರಿ ತೆರೆದದ್ದು 2021ರಲ್ಲಿ, ಆ ತುಂಡಿನಲ್ಲಿ ರೈಲು ನಿಂತು 41 ವರ್ಷದ ಮೇಲೆ. ಇದರ ಮೇಲೆ ಏರಿಳಿತ ಜಾಸ್ತಿ. ರೈಲಿನವರ ಐವತ್ತಕ್ಕೊಂದರ ಲೆಕ್ಕ ಇಲ್ಲಿ ಸಿಗುವುದಿಲ್ಲ. ಹಲಗೆದಾರಿಯ ಮೇಲೆ ನಿಂತು ಸರಳಿನ ಆಚೆ ಬಗ್ಗಿ ನೋಡಿದರೆ ಹಸಿರುನೀಲಿ ನೀರು. ಹಣ್ಣಿನ ತೋಟಗಳು, ರೈಲುದಾರಿ ಎಲ್ಲವೂ ಅದರ ಕೆಳಗಿವೆ.